ಆರ್‌ಸಿ ರದ್ದಾದ ಕಾರು

ನನ್ನ ಯಜಮಾನರು ತೀರಿಕೊಂಡ ವರ್ಷವೇ ಅವರ ಕಾರೂ ಹೋಯಿತು. ಬೂದಿಗೆರೆಯ ನಮ್ಮ ಮನೆ ಮುಂದೆ ನಿಂತಿದ್ದ ಅದಕ್ಕೆ ಜಲ್ಲಿ ಲಾರಿಯೊಂದು ರಿವರ್ಸ್ ಬಂದು ಗುದ್ದಿತು. ವಿಮೆಯವರು ‘ಟೋಟಲ್ ಲಾಸ್’ ಅಂದರು. ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ನುಂಗುತ್ತದಂತೆ.

“ಗುಜರಿ ಇಟ್ಕೊಂಡು ಏನ್ ಮಾಡ್ತೀರಾ ಅತ್ತಿಗೆ?” ಎಂದ ಮೈದುನ. ಕಾರನ್ನು ವಿಮೆಯವರಿಗೇ ಬಿಟ್ಟುಕೊಡುವ ಕಾಗದಗಳಲ್ಲಿ ಅವನು ತೋರಿಸಿದಲ್ಲೆಲ್ಲ ರುಜು ಹಾಕಿದೆ. ಆಗ ಯಾರು ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ನನಗೆ ಡ್ರೈವಿಂಗ್ ಬಾರದು. ಅವರು ಓಡಿಸುವಾಗ ಎಡಗಡೆ ಕೂತು, “ನಿಧಾನ ರೀ, ಮುಂದೆ ಹಂಪ್ ಇದೆ” ಎಂದು ಗೊಣಗುವುದೇ ನನ್ನ ಕೆಲಸ. ಗೊಣಗುವುದಕ್ಕೂ ಯಾರೂ ಇಲ್ಲದ ಮನೆ ಬಹಳ ಕೆಟ್ಟದ್ದು.

ಕಾರು ಹೊಸಕೋಟೆ ಹತ್ತಿರದ ಯಾರ್ಡಿನಲ್ಲಿ ಹರಾಜಿಗಿದೆ ಎಂದು ತಿಳಿದಾಗ ಹೊರಟೇಬಿಟ್ಟೆ. ಕೊಂಡು, ರಿಪೇರಿ ಮಾಡಿಸಿ, ಒಬ್ಬ ಡ್ರೈವರನ್ನು ಇಟ್ಟುಕೊಂಡು ಮತ್ತೆ ಅದರಲ್ಲಿ ಓಡಾಡುವ ಆಸೆ. ಮನೆಗೆ ಬರುವ ಗಾಡಿಯ ಚಕ್ರದಡಿ ಇಡಬೇಕಲ್ಲ, ಬ್ಯಾಗಿನಲ್ಲಿ ನಾಲ್ಕು ನಿಂಬೆಹಣ್ಣು ಹಾಕಿಕೊಂಡಿದ್ದೆ.

ಅಲ್ಲಿ ನೋಡಿದರೆ ಚಕ್ರಗಳೇ ಇಲ್ಲ, ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದರು. ಅವರಿದ್ದಾಗಿನ ಕೊನೆಯ ಆಯುಧಪೂಜೆಗೆ ನಾನು ಹಚ್ಚಿದ ಕುಂಕುಮ ಸ್ಟೇರಿಂಗಿನ ಮೇಲೆ ಹಾಗೇ ಇತ್ತು.

“ಇದು ಆಗಲ್ಲಮ್ಮಾ,” ಎಂದ ಯಾರ್ಡಿನವನು. “ಪಕ್ಕದ ಗಾಡಿಗೆ ಆರ್‌ಸಿ ಐತೆ, ರೆಡಿ ಮಾಡ್ಸಿ ಹೆಸರಿಗೆ ಮಾಡಿಸ್ಕೋಬೋದು. ಇದರದ್ದು ಕ್ಯಾನ್ಸಲ್ ಆಗೋಗೈತೆ. ಬರೀ ಪಾರ್ಟ್ಸ್‌ಗೆ.”

“ಹೊಸದರ ಥರ ಮಾಡಿಸ್ತೀನಪ್ಪಾ.”

“ಹೆಂಗೇ ಮಾಡ್ಸಿ, ರೋಡಿಗೆ ಇಳಿಸಂಗಿಲ್ಲ. ರೆಕಾರ್ಡಲ್ಲಿ ಈ ಗಾಡಿ ಇಲ್ವೇ ಇಲ್ಲ.”

ನನಗೆ ರೇಗಿಹೋಯಿತು. ಕಣ್ಣೆದುರು ನಿಂತಿರುವುದನ್ನು ಇಲ್ಲ ಅನ್ನುತ್ತಾನಲ್ಲ! ಯಜಮಾನರು ಹೋದಾಗಲೂ ಆಸ್ಪತ್ರೆಯವರು ಹೀಗೇ, ಅವರಿಲ್ಲ ಅಂತ ಒಂದು ಕಾಗದ ಕೈಗಿಟ್ಟು ಕಳಿಸಿದ್ದರು. ಬೈಯಲು ಬಾಯಿ ತೆರೆದವಳು ಅತ್ತುಬಿಟ್ಟೆ. ಅವನು ಪಾಪ, ನೀರು ತಂದುಕೊಟ್ಟು, ಹರಾಜಾದ ಮೇಲೆ ಕೊಂಡವನ ಹತ್ತಿರ ಮಾತಾಡಿ ಬೇಕಾದ ಪಾರ್ಟು ಕೊಡಿಸುತ್ತೇನೆ ಎಂದ. ಡ್ರೈವರ್ ಸೀಟು ಕೇಳಿದೆ.

ಅದು ಗೂಡ್ಸ್ ಆಟೋದಲ್ಲಿ ಮನೆಗೆ ಬರುವಷ್ಟರಲ್ಲಿ ನಿಂಬೆಹಣ್ಣೆಲ್ಲ ನನ್ನೊಬ್ಬಳ ಚಿತ್ರಾನ್ನಕ್ಕೆ ಮುಗಿದುಹೋಗಿದ್ದವು. ಸೀಟನ್ನು ಜಗಲಿಯಲ್ಲಿ ಹಾಕಿಸಿದೆ.

“ಒಳ್ಳೇದಾಯ್ತು ಬಿಡಿ ಅತ್ತಿಗೆ, ಆರಾಮಾಗಿ ಕೂತ್ಕೋಬೋದು,” ಎಂದ ಮೈದುನ.

ನಾನು ಅದರಲ್ಲಿ ಕೂರುವುದಿಲ್ಲ. ಸಂಜೆ ಅದರ ಎಡಗಡೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಳ್ಳುತ್ತೇನೆ. ರಸ್ತೆಯಲ್ಲಿ ಯಾವುದಾದರೂ ಗಾಡಿ ಜೋರಾಗಿ ಹೋದರೆ, ಬಲಕ್ಕೆ ತಿರುಗಿ “ನಿಧಾನ ರೀ” ಅಂದುಬಿಡುತ್ತೇನೆ.