ರಂಗಕೋಗಿಲೆ ಚನ್ನಕೇಶವನ ಗಂಟಲು

ಮಂಡಿಕಲ್ ಕಡೆಯ ಆ ಹಳ್ಳಿಯ ಹೆಸರು ಬೇಡ. ಹೇಳಿದರೆ ನಾಳೆ ಬೆಳಿಗ್ಗೆಯೇ ನಾಲ್ಕು ಜನ ಬೈಕಿನಲ್ಲಿ ಬಂದು, ನಮ್ಮೂರಿನ ಮಾನ ಕಳೆದೆಯಲ್ಲ ಎಂದು ಜಗಳ ತೆಗೆಯುತ್ತಾರೆ. ಅವರೆಲ್ಲರ ಬದಲಿಗೆ ತಲೆ ತಗ್ಗಿಸಿದವನು ಒಬ್ಬನೇ, ಅದೂ ಮೂವತ್ತು ವರ್ಷ ತಡವಾಗಿ. ಅವನ ಕಥೆ ಇದು.

ಅವನ ಹೆಸರು ಚನ್ನಕೇಶವ. ರೇಷ್ಮೆ ಹುಳು ಸಾಕುವ, ಒಂದಿಷ್ಟು ದ್ರಾಕ್ಷಿ ಬೆಳೆಯುವ ಗೌಡರ ಮನೆಯವನು. ಎತ್ತರದ ಆಳು, ಅಗಲವಾದ ಎದೆ, ಮೀಸೆ ತಿರುವಿ ನಿಂತರೆ ರಾಜನೇ ಸರಿ. ದೇವರು ಎಲ್ಲ ಕೊಟ್ಟು ಗಂಟಲೊಂದನ್ನು ಕೊಡುವುದು ಮರೆತಿದ್ದ. ಬಚ್ಚಲಲ್ಲಿ ಒಂದು ಸಾಲು ಗುನುಗಿದರೆ ಸಾಕು, ಹೆಂಡತಿ ಅನಸೂಯಮ್ಮ ಒಲೆಯ ಮುಂದಿನಿಂದಲೇ, "ಏನ್ರೀ, ಕೊಟ್ಟಿಗೇಲಿ ಕರು ಕುತ್ತಿಗೆಗೆ ಹಗ್ಗ ಸುತ್ಕೊಂಡೈತೇನೋ ನೋಡ್ರೀ" ಎನ್ನುತ್ತಿದ್ದಳು. ಇಂಥವನಿಗೆ ನಾಟಕದಲ್ಲಿ ರಾಜನ ಪಾರ್ಟೇ ಬೇಕು! ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ರಾಜ ಎಂದರೆ ಸುಮ್ಮನೆ ಕತ್ತಿ ಹಿಡಿದು ನಿಲ್ಲುವವನಲ್ಲ. ಸಿಟ್ಟು ಬಂದರೂ ಹಾಡಬೇಕು, ಸಾಯುವಾಗಲೂ ಹಾಡಬೇಕು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತವನು ಎದ್ದು ಕುಳಿತು, ಇನ್ನೊಂದು ಸಲ ಹಾಡಿ, ಮತ್ತೆ ಸಾಯಬೇಕು.

ಆ ವರ್ಷ ನಾಟಕ ಕಲಿಸಲು ಚಿಂತಾಮಣಿ ಕಡೆಯಿಂದ ಹಾರ್ಮೋನಿಯಂ ಮೇಷ್ಟ್ರು ಬಯ್ಯಪ್ಪ ಬಂದಿದ್ದರು. ನಾಟಕ ಅವರೇ ಬರೆದದ್ದು, ರಾಗ ಕಟ್ಟಿದವರೂ ಅವರೇ. ರಾಜ್ಯ ಕಳೆದುಕೊಂಡ ರಾಜ, ಮಗಳನ್ನು ಅರಮನೆಯಲ್ಲಿ ಬಿಟ್ಟು ಕಾಡಿಗೆ ಹೋಗುವ ಕಥೆ. "ಹೋಗಿ ಬರುವೆನು ಮಗಳೇ, ದೀಪ ಆರಿಸಬೇಡ" ಎಂಬ ಹಾಡೇ ಅದರ ಜೀವ. ಶಾಲೆಯ ಜಗಲಿಯಲ್ಲಿ ಅಭ್ಯಾಸ ನಡೆಯುತ್ತಿತ್ತು. ಚನ್ನಕೇಶವ ಬಾಯಿ ತೆಗೆದಾಗಲೆಲ್ಲ ಮೇಷ್ಟ್ರು ಪೆಟ್ಟಿಗೆ ಬಿಟ್ಟು ಹಣೆ ಒತ್ತಿಕೊಳ್ಳುತ್ತಿದ್ದರು.

"ಏಮಪ್ಪಾ ಕೇಶವಾ, ಶ್ರುತಿ ಒಂದು ಬಸ್ಸು ಹತ್ತೈತೆ, ನೀನೊಂದು ಬಸ್ಸು ಹತ್ತಿದೀಯ. ಇಬ್ರೂ ಒಂದೂರಿಗೆ ಸೇರೋದು ಯಾವಾಗಪ್ಪಾ?"

ಜಗಲಿಯಿಂದ ಆಚೆ, ಹುಣಸೆ ಮರದ ಬುಡದಲ್ಲಿ, ಗಂಗುಲಪ್ಪ ಕೂತಿರುತ್ತಿದ್ದ. ಊರಾಚೆಯ ದಲಿತರ ಕಾಲೋನಿಯವನು, ಚನ್ನಕೇಶವನ ಓರಗೆಯವನು, ಅವನದೇ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಆಳು. ಅವನನ್ನು ಬಾ ಎಂದವರಿಲ್ಲ, ಜಗಲಿ ಹತ್ತು ಎಂದವರಂತೂ ಇಲ್ಲವೇ ಇಲ್ಲ. ಒಂದು ಸಂಜೆ ಮೇಷ್ಟ್ರು ನೀರು ಕುಡಿಯಲು ಎದ್ದಾಗ ಅವನು ತನ್ನಷ್ಟಕ್ಕೆ ಆ ಹಾಡನ್ನು ಎತ್ತಿದ. ಮೇಷ್ಟ್ರ ಕೈಯಲ್ಲಿದ್ದ ಚೊಂಬು ಬಾಯಿಯವರೆಗೆ ಹೋಗಲೇ ಇಲ್ಲ. "ಅಬ್ಬಬ್ಬಾ, ಬಾಗುಂದಿರಾ!" ಎಂದು ತೆಲುಗಿನಲ್ಲೇ ಹೊಗಳಿ ಅಲ್ಲೇ ನಿಂತುಬಿಟ್ಟರು.

ಹಾಗಾದರೆ ರಾಜನ ಪಾರ್ಟು ಅವನಿಗೇ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಮಾತೇ. ನಾಟಕದ ದಿನ ಕಿರೀಟಕ್ಕೂ ಗೆಜ್ಜೆಗೂ ದೇವಸ್ಥಾನದಲ್ಲಿ ಪೂಜೆಯಾಗಬೇಕು. ರಾಜನಾಗುವವನು ಗರ್ಭಗುಡಿಯ ಹೊಸ್ತಿಲ ಮುಂದೆ ಮಂಡಿಯೂರಬೇಕು, ಪೂಜಾರಿ ಕಿರೀಟ ತಂದು ಅವನ ತಲೆಗಿಡಬೇಕು, ಅಲ್ಲಿಂದ ತಮಟೆ ಬಡಿದುಕೊಂಡು ಮೆರವಣಿಗೆ. ಗಂಗುಲಪ್ಪನನ್ನು ಆ ಹೊಸ್ತಿಲವರೆಗೆ ಬಿಡುವ ಊರಾಗಿರಲಿಲ್ಲ ಅದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ, ಅಷ್ಟು ಚೆನ್ನಾಗಿ ಎಲ್ಲರಿಗೂ ಗೊತ್ತಿತ್ತು.

ಆದ್ದರಿಂದ ಮೇಷ್ಟ್ರು ಬೇರೆ ದಾರಿ ಹುಡುಕಿದರು. ರಂಗದ ಎಡಗಡೆಯ ವಿಂಗಿಗೆ ಮೂರು ಕಡೆಯಿಂದಲೂ ಬಟ್ಟೆ ಕಟ್ಟಿಸಿ, ಒಳಗೆ ಗಂಗುಲಪ್ಪನನ್ನು ಕೂರಿಸಿ, ಕೈಗೆ ಮೈಕು ಕೊಟ್ಟರು. ಹೆಸರಿಗೆ ಅವನು ಮರೆತ ಮಾತು ಎತ್ತಿಕೊಡುವವನು. ಹಾಡು ಬಂದಾಗ ಅವನು ಹಾಡಬೇಕು, ಹೊರಗೆ ಚನ್ನಕೇಶವ ಬಾಯಿ ಆಡಿಸಬೇಕು. ಮೊದಲ ಹಾಡಿಗೇ ಜನ ಎದ್ದು ನಿಂತು ಕೂಗಿದರು. ಹಾರಗಳು ಬಂದವು, ಶಾಲು ಬಂತು. ಇದೊಂದೇ ಸಲ ಎಂದು ಚನ್ನಕೇಶವ ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡವರು ಯಾರಾದರೂ ಎರಡನೇ ಸಲ ಮಾಡದೆ ಬಿಟ್ಟಿದ್ದಾರೆಯೇ? ಜೊತೆಯ ನಟರಿಗೆ ಗೊತ್ತಿತ್ತು, ಗೊತ್ತಿಲ್ಲದೆ ಏನು? ಆದರೆ ನಾಟಕಕ್ಕೆ ಹೆಸರು ಬಂದರೆ ಅವರಿಗೂ ಹೆಸರು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು.

ಅಲ್ಲಿಂದ ಮುಂದೆ ಬೇರೆ ಊರುಗಳಿಂದಲೂ ಕರೆ ಬಂತು. ಗೌರಿಬಿದನೂರಿನಲ್ಲಿ ನಾಟಕ, ಚಿಂತಾಮಣಿಯಲ್ಲಿ ನಾಟಕ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಲು ಹೋದರೆ ಅಲ್ಲೂ ಜನ ಗುರುತು ಹಿಡಿದು, "ಅಣ್ಣಾ, ಒಂದು ಸಾಲು ಹೇಳಿ" ಎನ್ನುವರು. ಚನ್ನಕೇಶವ ಗಂಟಲು ಮುಟ್ಟಿಕೊಂಡು, "ಇವತ್ತು ಕಟ್ಟೈತೆ ಕಣಪ್ಪ" ಎನ್ನುವನು. ಒಂದು ಸಂಘದವರು ಅವನಿಗೆ ‘ರಂಗಕೋಗಿಲೆ’ ಎಂಬ ಬಿರುದನ್ನೇ ಕೊಟ್ಟುಬಿಟ್ಟರು. ಬ್ಯಾನರಿನಲ್ಲಿ ಅವನ ಮುಖ ಬಾಗಿಲಗಲ ಇತ್ತು. ಆ ಬ್ಯಾನರ್ ಕಟ್ಟಲು ಕಂಬ ಹತ್ತಿದವನು ಗಂಗುಲಪ್ಪ.

ಇವರಿಬ್ಬರ ಗುಟ್ಟಿನ ಅಭ್ಯಾಸ ನಡೆಯುತ್ತಿದ್ದುದು ಚನ್ನಕೇಶವನ ಹುಳು ಮನೆಯಲ್ಲಿ. ರೇಷ್ಮೆ ಹುಳುವಿಗೆ ರೋಗ ತಗಲುತ್ತದೆ ಎಂದು ಹೊರಗಿನವರನ್ನು ಯಾರೂ ಹುಳು ಮನೆಗೆ ಬಿಡುವುದಿಲ್ಲ. ಕಳ್ಳತನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೇ? ಗಂಗುಲಪ್ಪ ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ಹಾಡುವನು, ಎದುರಿಗೆ ಚನ್ನಕೇಶವ ಅವನ ತುಟಿಯನ್ನೇ ನೋಡುತ್ತಾ ತಾನೂ ತುಟಿ ಆಡಿಸುವನು. ಬರಬರುತ್ತಾ ಎಷ್ಟು ಪಳಗಿದನೆಂದರೆ, ಆ ದನಿ ಕೇಳಿದರೆ ಸಾಕು, ಅವನ ಬಾಯಿ ಅವನ ಅಪ್ಪಣೆ ಕೇಳದೆ ಆಡುತ್ತಿತ್ತು.

ಇಷ್ಟೇ ಆಗಿದ್ದರೆ, ಹೋಗಲಿ ಬಿಡಿ, ನಾಟಕದವರ ಕಸುಬು ಎನ್ನಬಹುದಿತ್ತು. ಗಂಗುಲಪ್ಪನ ಮದುವೆ ಗೊತ್ತಾದಾಗ ಚನ್ನಕೇಶವನಿಗೆ ಎದೆಯಲ್ಲಿ ಅಳುಕು ಹುಟ್ಟಿತು. ಹೊಸ ಹೆಂಡತಿ ಗಂಡನ ಹಾಡು ಕೇಳುತ್ತಾಳೆ, ಆಮೇಲೆ ನಾಟಕಕ್ಕೆ ಬಂದು ಕೂರುತ್ತಾಳೆ, ದನಿಯ ಗುರುತು ಹಿಡಿಯುತ್ತಾಳೆ, ಕೊಳಾಯಿಯ ಹತ್ತಿರ ನಾಲ್ಕು ಹೆಂಗಸರಿಗೆ ಹೇಳುತ್ತಾಳೆ. ಒಂದು ದಿನ ಹುಳು ಮನೆಯಲ್ಲಿ ಅವನು ಗಂಗುಲಪ್ಪನ ಕೈ ಹಿಡಿದುಕೊಂಡ.

"ಗಂಗುಲು, ನನ್ನ ಮಾನ ನಿನ್ನ ಕೈಲೈತೆ ಕಣೋ. ಮನೇಲಿ ಹಾಡ್ಬೇಡ. ಒಂದು ಸಾಲೂ ಬೇಡ."

ಗಂಗುಲಪ್ಪ ಸೊಪ್ಪಿನ ಬುಟ್ಟಿ ಕೆಳಗಿಟ್ಟ. "ಆಯ್ತು ಬಿಡಣ್ಣ" ಎಂದ. ಆಡಿದ ಮಾತಿಗೆ ತಪ್ಪಲಿಲ್ಲ. ಮಗಳು ಅಮೃತ ಹುಟ್ಟಿದಳು. ತೊಟ್ಟಿಲು ತೂಗುವಾಗಲೂ ಅವನು ಬರಿಯ ಬಾಯಲ್ಲಿ ‘ಹೂಂ ಹೂಂ’ ಎನ್ನುತ್ತಿದ್ದನಂತೆ. ಚನ್ನಕೇಶವನಿಗೆ ಅದು ತಿಳಿಯಿತು. ತಿಳಿದೂ, ಪರವಾಗಿಲ್ಲ ಹಾಡಪ್ಪ ಎಂದು ಹೇಳಲಿಲ್ಲ. ಇದನ್ನು ಬರೆಯುವಾಗ ನನಗೇ ಮೈ ಉರಿಯುತ್ತದೆ.

ಒಂದೇ ಒಂದು ಸಲ ಗಂಗುಲಪ್ಪ ಬಾಯಿಬಿಟ್ಟು ಕೇಳಿದ್ದ. "ಅಣ್ಣಾ, ಈ ಸಲ ಆ ಬೇಟೆಗಾರನ ಪಾರ್ಟು ನಂಗೆ ಕೊಡ್ಸಣ್ಣ. ಅದಕ್ಕೆ ಕಿರೀಟ ಇಲ್ಲ, ಪೂಜೆ ಇಲ್ಲ. ಎರಡೇ ಮಾತು."

"ನೀನು ಸ್ಟೇಜ್ ಮೇಲೆ ಬಂದ್ರೆ ನನ್ನ ಹಾಡು ಯಾರೋ ಹೇಳೋರು?" ಎಂದು ಚನ್ನಕೇಶವ ನಕ್ಕ. ಗಂಗುಲಪ್ಪನೂ ನಕ್ಕ. ಆ ನಗು ಆಮೇಲೆ ಎಷ್ಟೋ ಸಲ ಚನ್ನಕೇಶವನ ಊಟದ ತಟ್ಟೆಯ ಮುಂದೆ ಬಂದು ಕೂತಿದೆ.

ಕಳೆದ ವರ್ಷ ಗಂಗುಲಪ್ಪನಿಗೆ ಶ್ವಾಸಕೋಶದ ಕಾಯಿಲೆ ಬಂತು. ಚನ್ನಕೇಶವ ಆಸ್ಪತ್ರೆಗೆ ನೋಡಲು ಹೋದಾಗ ಅವನ ದನಿ ಏಳುತ್ತಲೇ ಇರಲಿಲ್ಲ. "ಅಣ್ಣಾ, ಈ ಸಲದ ನಾಟಕಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದ. ಸಾಯುವವನು ಆಡಿದ ಮಾತು ಅದು! ಚನ್ನಕೇಶವ ಆಸ್ಪತ್ರೆಯ ಹೊರಗೆ ಬಂದು, ಎಳನೀರು ಮಾರುವವನ ಗಾಡಿಯ ಪಕ್ಕ ನಿಂತು, ಮುಖ ಮುಚ್ಚಿಕೊಂಡು ಅತ್ತ. ಯಾಕೆ ಅಳುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ಗೆಳೆಯನಿಗಾಗಿಯೋ, ಹಾಡಿಗಾಗಿಯೋ? ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಎಂದು ಇನ್ನೂ ನಾಚಿಕೆಯಾಯಿತು. ವಾರ ಕಳೆಯುವುದರೊಳಗೆ ಗಂಗುಲಪ್ಪ ತೀರಿಕೊಂಡ.

ಆ ಮನೆಯವರು ಬೌದ್ಧರಾಗಿ ಕೆಲವು ವರ್ಷಗಳಾಗಿದ್ದವು. ಹೀಗಾಗಿ ತಿಥಿ ಗಿಥಿ ಇಲ್ಲ, ಮನೆಯ ಮುಂದೆ ಶಾಮಿಯಾನ ಹಾಕಿ, ಮಧ್ಯಾಹ್ನ ನುಡಿನಮನ ಇಟ್ಟಿದ್ದರು. ಚನ್ನಕೇಶವ ಹೋಗಲೋ ಬೇಡವೋ ಎಂದು ಪಂಚೆ ಉಡುವುದು, ಬಿಚ್ಚುವುದು ಮಾಡುತ್ತಿದ್ದ. ಅನಸೂಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳಿಗೆ ಗಂಡನ ಗಂಟಲೂ ಗೊತ್ತು, ಗುಟ್ಟೂ ಗೊತ್ತು.

"ಇವತ್ತಾದ್ರೂ ಬಾಯಿ ಬಿಡ್ತೀರಾ? ಇಲ್ಲ, ಆ ಪುಣ್ಯಾತ್ಮನ ಜೊತೆಗೇ ಅದನ್ನೂ ಮಣ್ಣು ಮಾಡ್ಬಿಟ್ರಾ?"

ಪಂಚೆ ಬಿಗಿದುಕೊಂಡು, ಅವಳ ಪಕ್ಕದಿಂದ ನುಸುಳಿ ಹೊರಟ.

ಶಾಮಿಯಾನದ ಕೆಳಗೆ ಮೇಜಿನ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಗಂಗುಲಪ್ಪನ ಫೋಟೊ, ಮುಂದೆ ಮೇಣದ ಬತ್ತಿ. ಅವನನ್ನು ಕಂಡ ಕೂಡಲೇ ಗಂಗುಲಪ್ಪನ ಹೆಂಡತಿ ಅಶ್ವತ್ಥಮ್ಮ ಎದ್ದು ಬಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಒಬ್ಬೊಬ್ಬರೇ ಎದ್ದು ನಾಲ್ಕು ಮಾತು ಆಡಿದರು. ಒಳ್ಳೆಯ ಮನುಷ್ಯ, ಯಾರಿಗೂ ಎದುರಾಡಿದವನಲ್ಲ ಎಂದರು. ಕೊನೆಗೆ ಅಶ್ವತ್ಥಮ್ಮ ಮೈಕಿನ ಹತ್ತಿರ ಬಂದಳು.

"ನಮ್ಮ ಯಜಮಾನ್ರಿಗೆ ಹಾಡೋಕೆ ಬರ್ತಿರ್ಲಿಲ್ಲ. ಆದ್ರೆ ಹಾಡು ಅಂದ್ರೆ ಪ್ರಾಣ. ಫೋನಲ್ಲಿ ಕೇಶವಣ್ಣನ ನಾಟಕದ ವಿಡಿಯೋ ಇಟ್ಕೊಂಡಿದ್ರು. ಹಟ್ಟಿ ಕಟ್ಟೆ ಮೇಲೆ ಒಬ್ರೇ ಕೂತ್ಕೊಂಡು ಅದನ್ನೇ ಹಾಕ್ಕೊಂಡು ಹಾಕ್ಕೊಂಡು ಕೇಳೋರು. ಅಂಥಾ ಗಂಟಲು ಈ ಸೀಮೇಲೇ ಇಲ್ಲ ಅನ್ನೋರು. ಅಣ್ಣಾ, ಅವ್ರಿಗೋಸ್ಕರ ಆ ಹಾಡು ಒಂದ್ಸಲ ಹೇಳಿ. ಬೇರೆ ಏನೂ ಕೇಳಲ್ಲ."

ಜನರೆಲ್ಲ ಅವನತ್ತ ತಿರುಗಿದರು. ಗಂಟಲು ಕಟ್ಟಿದೆ ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಎದುರಿಗೆ ಫೋಟೊದಲ್ಲಿ ಗಂಗುಲಪ್ಪ, ಬೇಟೆಗಾರನ ಪಾರ್ಟು ಕೇಳಿದ ದಿನದ ನಗುವಿನಲ್ಲೇ ಇದ್ದ. ಚನ್ನಕೇಶವ ಎದ್ದ, ಮೈಕು ಹಿಡಿದ, ತನ್ನ ಸ್ವಂತ ಗಂಟಲಿನಿಂದ ಹಾಡಿದ. "ಹೋಗಿ ಬರುವೆನು ಮಗಳೇ..." ಎರಡನೇ ಸಾಲಿಗೇ ದನಿ ಒಡೆಯಿತು, ಶ್ರುತಿ ಎತ್ತಲೋ ಹೋಯಿತು, ಗೊರಗೊರ ಎಂದಿತು. ಈಗ ಎಲ್ಲರಿಗೂ ತಿಳಿಯುತ್ತದೆ, ನಾನು ಹೇಳಬೇಕಾಗಿಯೇ ಇಲ್ಲ ಎಂದುಕೊಂಡು ಅವನು ತಲೆ ಎತ್ತಿದ.

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಪಾಪ, ದುಃಖಕ್ಕೆ ಗಂಟಲೇ ಏಳ್ತಿಲ್ಲ ನೋಡ್ರೀ" ಎಂದರು ಯಾರೋ. "ಆಳು ಸತ್ರೆ ಹಿಂಗೆ ಮರುಗೋ ಗೌಡ್ರು ಎಲ್ಲವ್ರೆ?" ಎಂದರು ಇನ್ನೊಬ್ಬರು. ಅಶ್ವತ್ಥಮ್ಮ ಕೈ ಮುಗಿದು, "ಸಾಕಣ್ಣ, ಸಾಕು. ನಿಮ್ಮ ಮನಸ್ಸು ಗೊತ್ತಾಯ್ತು" ಎಂದಳು.

ಅಯ್ಯೋ ಶಿವನೇ! ಅವನ ಕೆಟ್ಟ ಗಂಟಲಿಗೂ ಹಾರ ಬಿತ್ತು. ಸುಮ್ಮನೆ ಕೂತುಬಿಟ್ಟರೆ ಇನ್ನೂ ದೊಡ್ಡ ಮನುಷ್ಯನಾಗಿ ಮನೆಗೆ ಹೋಗಬಹುದಿತ್ತು. ಕಾಲು ಕುರ್ಚಿಯ ಕಡೆಗೆ ಹೊರಟೂ ಇತ್ತು. ಅವನು ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ದುಃಖ ಅಲ್ಲ ತಾಯಿ. ನನ್ನ ಗಂಟಲೇ ಇಷ್ಟು. ಮೊದಲಿನಿಂದ್ಲೂ ಇಷ್ಟೇ. ನೀವೆಲ್ಲ ಇಷ್ಟು ವರ್ಷ ಕೇಳಿದ್ದು ಗಂಗುಲಪ್ಪನ ದನಿ. ಅವನು ಪರದೆ ಹಿಂದೆ ಹಾಡ್ತಿದ್ದ, ನಾನು ಬಾಯಿ ಆಡಿಸ್ತಿದ್ದೆ."

ಅಶ್ವತ್ಥಮ್ಮ ಅರ್ಥವಾಗದವಳಂತೆ ಅವನನ್ನೇ ನೋಡಿದಳು. "ಅವ್ರಿಗೆ ಹಾಡು ಬರ್ತಿರ್ಲಿಲ್ಲವಲ್ಲಣ್ಣ. ಬರ್ತಿದ್ರೆ ಮನೇಲಿ ಒಂದಿನಾದ್ರೂ ಹಾಡ್ತಿರ್ಲಿಲ್ವಾ?"

"ನಾನೇ ಬೇಡ ಅಂದಿದ್ದೆ."

ಹಿಂದಿನಿಂದ ಯಾರೋ ‘ಥೂ’ ಎಂದರು. ಸರಿಯಾಗಿಯೇ ಎಂದರು ಎನಿಸಿತು ಚನ್ನಕೇಶವನಿಗೆ. ಅಮೃತ ಎದ್ದು ನಿಂತಿದ್ದಳು. ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ತಂದೆಯ ಹಾಗೆಯೇ ಮೆಲುದನಿಯವಳು.

"ನಾನು ಹುಟ್ಟಿದ್ಮೇಲೂ ಬೇಡ ಅಂದ್ರಾ ದೊಡ್ಡಪ್ಪ?"

ಹುಟ್ಟಿದಾಗಿನಿಂದ ಅವಳು ಕರೆಯುತ್ತಿದ್ದುದೇ ಹಾಗೆ. ಇವತ್ತು ಆ ಕರೆ ಸಹಿಸಲಾಗಲಿಲ್ಲ. "ಹೂಂ ಕಣಮ್ಮ" ಎಂದು ತಲೆ ಬಗ್ಗಿಸಿದ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದು ನಿಂತ. ಅವಳು ಬೈಯಲಿಲ್ಲ. ಒಳಗೆ ಹೋಗಿ ತಂದೆಯ ಫೋನು ತಂದಳು. ಗಾಜು ಒಡೆದಿದ್ದ ಹಳೆಯ ಫೋನು. ನಾಟಕದ ವಿಡಿಯೋ ಹುಡುಕಿ ಹಾಕಿದಳು. ಪರದೆಯ ತುಂಬ ಕಿರೀಟ ತೊಟ್ಟ ಚನ್ನಕೇಶವನ ಮುಖ. ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ಫೋನನ್ನು ಕವುಚಿ, ಆ ಮುಖವನ್ನು ಮೇಜಿಗೆ ಒತ್ತಿ, ಬುದ್ಧನ ಪಟದ ಮುಂದೆ ಇಟ್ಟಳು. ಮೈಕನ್ನು ಅದರ ಹತ್ತಿರ ಬಗ್ಗಿಸಿದಳು.

"ಹೋಗಿ ಬರುವೆನು ಮಗಳೇ, ದೀಪ ಆರಿಸಬೇಡ..."

ಗಂಗುಲಪ್ಪನ ದನಿ ಶಾಮಿಯಾನ ತುಂಬಿತು. ಅಶ್ವತ್ಥಮ್ಮ ನೆಲದ ಮೇಲೆ ಕುಸಿದು ಕೂತು, ಮೇಜಿನ ಕಾಲು ಹಿಡಿದುಕೊಂಡು, "ಇವ್ರೇನಾ? ಇವ್ರೇನಾ?" ಎಂದು ಕೇಳುತ್ತಲೇ ಇದ್ದಳು. ಅಮೃತ ಕಣ್ಣು ಮುಚ್ಚಿ ನಿಂತಿದ್ದಳು. ವಿಡಿಯೋದೊಳಗಿನ ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಚನ್ನಕೇಶವನ ಮುಖವನ್ನು ದಿಟ್ಟಿಸಿ ನೋಡಿದಳು. ಯಾಕೆ ಹೀಗೆ ನೋಡುತ್ತಾಳೆ ಎಂದು ಅವನಿಗೆ ಮೊದಲು ತಿಳಿಯಲಿಲ್ಲ. ಅವನ ತುಟಿಗಳು ಆ ದನಿಯ ಜೊತೆಗೆ ತಾವಾಗಿಯೇ ಆಡುತ್ತಿದ್ದವು. ಹೆಗಲ ಮೇಲಿನ ಟವಲನ್ನು ಎಳೆದು ಎರಡೂ ಕೈಯಿಂದ ಬಾಯಿಗೆ ಒತ್ತಿ ಹಿಡಿದುಕೊಂಡ, ಹಾಡು ಮುಗಿಯುವವರೆಗೂ ಬಿಡಲಿಲ್ಲ.