ಶೂಟಿಂಗ್ ರೇಂಜಿನ ಆಂಟಿ

ಅವರ ಬಲಗೈಯ ತೋರುಬೆರಳು ಸುಲಭಕ್ಕೆ ಬಾಗುತ್ತಿರಲಿಲ್ಲ. ಚಹಾ ಗ್ಲಾಸನ್ನು ಹೆಬ್ಬೆರಳು ಮತ್ತು ಉಳಿದ ಮೂರು ಬೆರಳುಗಳಲ್ಲಿ ಹಿಡಿಯುತ್ತಿದ್ದರು. ತೋರುಬೆರಳು ಮಾತ್ರ ಗ್ಲಾಸಿನ ಮೈಗುಂಟ ಕಡ್ಡಿಯ ಹಾಗೆ ನೆಟ್ಟಗೆ ಇರುತ್ತಿತ್ತು. ಛತ್ರಿ ಹಿಡಿದರೂ ಹಾಗೆಯೇ, ಕಾರಿನ ಸ್ಟೀರಿಂಗ್ ಹಿಡಿದರೂ ಹಾಗೆಯೇ. ಅನ್ನ ಕಲಸುವಾಗ ಮಾತ್ರ ಹಾಗೆ ನೆಟ್ಟಗಿರುವುದಕ್ಕೆ ರಜೆ. ಮಲೇಷಿಯಾದ ಬ್ರಿಕ್‌ಫೀಲ್ಡ್ಸ್‌ನ ಬಾಳೆಎಲೆ ಊಟದ ಹೋಟೆಲಿನಲ್ಲಿ ಬೇರೆ ಜಾಗವಿಲ್ಲದೆ ಅವರ ಎದುರಿನ ಕುರ್ಚಿಯಲ್ಲಿ ಕುಳಿತ ದಿನ ನಾನು ಮೊದಲು ನೋಡಿದ್ದು ಆ ಬೆರಳನ್ನೇ.

ನಾನು ಹುಬ್ಬಳ್ಳಿಯ ಅಕ್ಕನ ಜೊತೆ ಫೋನಿನಲ್ಲಿ ಇಡೀ ಹೋಟೆಲಿಗೆ ಕೇಳುವಂತೆ ಮಾತಾಡುತ್ತಿದ್ದೆ. ಫೋನ್ ಇಟ್ಟ ಕೂಡಲೇ ಎದುರಿನವರು ಕನ್ನಡದಲ್ಲಿ, ಹುಬ್ಬಳ್ಳಿಯಾ ಧಾರವಾಡವಾ ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರುವುದಲ್ಲ. ಎರಡು ಮಾತು ಆಗುವಷ್ಟರಲ್ಲಿ, ಬೆರಳಿಗೆ ಏನಾದರೂ ಪೆಟ್ಟಾಗಿದೆಯೇ ಎಂದು ಕೇಳಿಯೇಬಿಟ್ಟೆ. ಅವರು ತಮ್ಮ ಬೆರಳನ್ನೊಮ್ಮೆ ನೋಡಿಕೊಂಡು ನಕ್ಕರು.

"ಪೆಟ್ಟೆಂತ ಇಲ್ಲ ಮಾರಾಯ. ಟ್ರಿಗರ್ ಮೇಲೆ ಬೆರಳು ಇಡ್ಲಿಕ್ಕೆ ಒಂದು ಹೊತ್ತುಂಟು. ಉಳಿದ ಹೊತ್ತು ಅದು ಹೊರಗೆ ಇರ್ಬೇಕು. ಇದಕ್ಕೆ ಅದೇ ಅಭ್ಯಾಸ ಆಗಿಹೋಗಿದೆ."

ಅರವತ್ತು ದಾಟಿದ, ಐದಡಿಗೆ ಒಂದಿಂಚು ಕಡಿಮೆಯಿರುವ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ ಹಾಕಿಕೊಂಡ ಹೆಂಗಸಿನ ಬಾಯಲ್ಲಿ ಟ್ರಿಗರ್ ಎಂಬ ಮಾತು ಕೇಳಿ, ನನ್ನ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು.

ಮಲೇಷಿಯಾದಲ್ಲಿ ವಯಸ್ಸಾದವರನ್ನೆಲ್ಲ ಅಂಕಲ್, ಆಂಟಿ ಎಂದೇ ಕರೆಯುವ ರೂಢಿ. ನಾನೂ ಅವರನ್ನು ಆಂಟಿ ಎಂದೆ, ಕೊನೆಯವರೆಗೂ ಅಷ್ಟೇ. ಮಂಗಳೂರಿನ ಕ್ಯಾಥೊಲಿಕ್ ಮನೆಯಿಂದ ಮದುವೆಯಾಗಿ ಬಂದು ಇಲ್ಲಿಯವರೇ ಆಗಿಹೋದವರು. ಮೂವತ್ತು ವರ್ಷ ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದರು. ಹೊಟ್ಟೆ ಹೊಲಿಯುವ ಮೊದಲು ಒಳಗಿಟ್ಟ ಬಟ್ಟೆಯ ತುಂಡುಗಳೆಲ್ಲ ಹೊರಗೆ ಬಂದಿವೆಯೇ ಎಂದು ಎಣಿಸಿ ಹೇಳುವುದು ಅವರ ಕೆಲಸವಾಗಿತ್ತು. ಎಣಿಕೆ ಕೂಡಿಬರದಿದ್ದರೆ ಎಂಥ ದೊಡ್ಡ ಸರ್ಜನ್ನಿಗೂ ಸೂಜಿ ಎತ್ತಲು ಬಿಡುತ್ತಿರಲಿಲ್ಲವಂತೆ. ನಲವತ್ತು ದಾಟಿದ ಮೇಲೆ ಗಂಡನ ಜೊತೆ ಶೂಟಿಂಗ್ ಕ್ಲಬ್ಬಿಗೆ ಹೋದರು. ಗಂಡ ಎರಡೇ ತಿಂಗಳಲ್ಲಿ ಬೇಸತ್ತು ಗಾಲ್ಫ್ ಹಿಡಿದರು, ಇವರು ಅಲ್ಲೇ ಉಳಿದರು. ಸ್ಪರ್ಧಿಯಾಗಿಯೂ, ಬೇರೆಯವರ ಸ್ಪರ್ಧೆ ನಡೆಸಿಕೊಡುವ ರೇಂಜ್ ಆಫೀಸರ್ ಆಗಿಯೂ ಹದಿನಾರು ವರ್ಷ ಕಳೆದಿದ್ದರು.

ನೋಡಲಿಕ್ಕೆ ಬಾ ಎಂದು ಕರೆದರು. ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಯಂತ್ರಗಳಿಗೆ ತಂಪುಗಾಳಿ ಒದಗಿಸುವ ಕೆಲಸ ನನ್ನದು. ವಾರವಿಡೀ ಸ್ವೆಟರ್ ಹಾಕಿಕೊಂಡು ಯಂತ್ರಗಳ ಗುಂಯ್ ಎನ್ನುವ ಸದ್ದು ಕೇಳಿ ತಲೆ ಜಡ್ಡುಗಟ್ಟಿತ್ತು. ಶನಿವಾರ ಹೋದೆ. ಎಣ್ಣೆತಾಳೆಯ ತೋಟಗಳ ನಡುವೆ, ಮೂರು ಕಡೆ ಎತ್ತರದ ಮಣ್ಣಿನ ದಿಬ್ಬಗಳಿದ್ದ ಬಯಲು. ಅದರಲ್ಲಿ ಮರದ ಬಾಗಿಲು, ಕಿಟಕಿ, ಪರದೆಗಳನ್ನು ನಿಲ್ಲಿಸಿ ಗೋಡೆಯಿಲ್ಲದ ಮನೆಯಂಥದೊಂದನ್ನು ಕಟ್ಟಿದ್ದರು. ಟೈಮರ್ ಬೀಪ್ ಎಂದ ಕೂಡಲೇ ಸೊಂಟದಿಂದ ಪಿಸ್ತೂಲು ತೆಗೆದು, ಓಡುತ್ತಾ, ಬಗ್ಗುತ್ತಾ ಕಾಗದದ ಗುರಿಗಳಿಗೆ ಎರಡೆರಡು ಗುಂಡು ಹೊಡೆಯಬೇಕು, ಉಕ್ಕಿನ ಗುರಿಗಳನ್ನು ಬೀಳಿಸಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸುತ್ತಾರೆ. ನಿಧಾನ ಮಾಡಿದರೂ ಕೆಟ್ಟೆ, ಗುರಿ ತಪ್ಪಿದರೂ ಕೆಟ್ಟೆ. ಸುರಕ್ಷತೆಯ ಒಂದು ನಿಯಮ ಮುರಿದರಂತೂ ಆ ಸ್ಪರ್ಧೆಯಿಂದಲೇ ಹೊರಗೆ.

ಮೊದಲು ಇಬ್ಬರು ಗಟ್ಟಿಮುಟ್ಟಾದ ಗಂಡಸರು ಧೂಳೆಬ್ಬಿಸಿ ಓಡಿ ಹೊಡೆದರು. ಆಮೇಲೆ ಆಂಟಿ ಬಂದರು. ಬಿಸಿಲಿಗೆ ತಲೆಗೊಂದು ದೊಡ್ಡ ಹ್ಯಾಟು, ಅದು ಹಾರದಂತೆ ಗಲ್ಲದ ಕೆಳಗೆ ಗಂಟು ಹಾಕಿದ ಸ್ಕಾರ್ಫು. ನೋಡಿದರೆ ಸಂತೆಗೆ ಹೊರಟವರ ಹಾಗಿದ್ದರು. ಬೀಪ್ ಆಯಿತು. ಅವರು ಅವಸರ ಮಾಡಿದ್ದು ನನಗೆ ಕಾಣಲೇ ಇಲ್ಲ. ಒಂದು ಹೆಜ್ಜೆ ಹೆಚ್ಚಿಲ್ಲ, ಕೈ ಒಂದು ಸಲ ಸುಮ್ಮನೆ ಆಡಲಿಲ್ಲ. ಉಕ್ಕಿನ ಗುರಿಗಳು ಡಣ್ ಡಣ್ ಎಂದು ಒಂದರ ಹಿಂದೊಂದು ಮಲಗಿದವು. ಮುಗಿಯಿತೇ ಎಂದು ನಾನು ನೋಡುವಷ್ಟರಲ್ಲಿ ಅವರು ಖಾಲಿ ಪಿಸ್ತೂಲನ್ನು ಆಫೀಸರಿಗೆ ತೋರಿಸುತ್ತಿದ್ದರು. ಟೈಮರ್ ನೋಡಿದರೆ ಆ ಗಂಡಸರಿಗಿಂತ ಎರಡು ಸೆಕೆಂಡು ಕಡಿಮೆ. ಮನುಷ್ಯರ ಮೈ ಹೇಳಿದ ಮಾತನ್ನು ಇಷ್ಟೊಂದು ಕೇಳಬಹುದೆಂದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

ಕಲಿಸಿ ಎಂದು ದುಂಬಾಲು ಬಿದ್ದೆ. ಆಗಲಿ ಎಂದವರು ಮೂರು ತಿಂಗಳು ಪಿಸ್ತೂಲು ಮುಟ್ಟಗೊಡಲಿಲ್ಲ. ಬೇರೆಯವರು ಹೊಡೆದ ಗುರಿಗಳ ತೂತುಗಳಿಗೆ ಕಾಗದದ ಪಟ್ಟಿ ಅಂಟಿಸುವುದು, ಬಿದ್ದ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಆರಿಸುವುದು, ಆಫೀಸರ್ ಕೊಡುವ ಆಜ್ಞೆಗಳನ್ನು ಕೇಳುವುದು, ಇಷ್ಟೇ. ಆಮೇಲೂ ಪಿಸ್ತೂಲು ಕ್ಲಬ್ಬಿನದು, ಹೊಡೆಯುವುದು ಅವರ ಕಣ್ಣೆದುರು ಮಾತ್ರ. ಈ ದೇಶದ ಕಾನೂನು ಬಿಗಿ. ಮನೆಯಲ್ಲಿ ಅಭ್ಯಾಸಕ್ಕೆ ಆಟಿಕೆಯ ಪಿಸ್ತೂಲು ಕೂಡ ಇಟ್ಟುಕೊಳ್ಳಬೇಡ, ಬರಿಗೈಯಲ್ಲೇ ಮಾಡು ಎಂದು ಕಟ್ಟಪ್ಪಣೆ ಮಾಡಿದರು.

ಅವರು ಎಲ್ಲಕ್ಕಿಂತ ಹೆಚ್ಚು ಮಾಡಿಸಿದ್ದು ಬಲದಿಂದ ಎಡಕ್ಕೆ ಓಡುವುದನ್ನು. ಪಿಸ್ತೂಲಿನ ಮೂತಿ ಯಾವಾಗಲೂ ಮುಂದಿನ ದಿಬ್ಬದ ಕಡೆಗೇ ಇರಬೇಕು. ಪಕ್ಕಕ್ಕೆ ನೇರವಾಗಿ ಒಂದು ಗೆರೆ ಇದೆ ಎಂದುಕೊಂಡರೆ, ಮೂತಿ ಆ ಗೆರೆ ದಾಟಿ ಹಿಂದಕ್ಕೆ ಬರುವಂತಿಲ್ಲ. ಬಲಗೈಯವರು ಎಡಕ್ಕೆ ಓಡುತ್ತಾ, ಗುಂಡು ತುಂಬಿಡುವ ಮ್ಯಾಗಜೀನ್ ಬದಲಿಸುವಾಗ ಮಣಿಕಟ್ಟು ಒಳಕ್ಕೆ ತಿರುಗಿ ಮೂತಿ ತಾನಾಗಿ ಹಿಂದಕ್ಕೆ ಬರುತ್ತದೆ. ಹಿಂದೆ ನಿಂತಿರುವುದು ಜನ. ಅದಕ್ಕೇ ಮನೆಯ ಗೋಡೆಗೆ ಮುಖಮಾಡಿ, ಬರಿಗೈ ಗೋಡೆಯತ್ತ ಚಾಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆ ಎಂದರು. ದಿನಕ್ಕೆ ನೂರು ಸಲ ನಡೆದೆ. ನನ್ನ ಹೆಂಡತಿ ಎರಡು ವಾರ ಸುಮ್ಮನಿದ್ದಳು. ಮೂರನೆಯ ವಾರ, ಆಫೀಸಿನಲ್ಲಿ ಎಲ್ಲ ಸರಿಯಿದೆಯೇ ಎಂದು ಮೆಲ್ಲಗೆ ವಿಚಾರಿಸಿದಳು.

ನಿಯಮಗಳ ಪುಸ್ತಕ ಅವರ ಕಾರಿನಲ್ಲಿ ಜಪಮಾಲೆಯ ಜೊತೆಗೇ ಇರುತ್ತಿತ್ತು. ಇಷ್ಟೊಂದು ನಿಯಮ ಯಾಕೆ ಎಂದು ನಾನು ಒಮ್ಮೆ ಗೊಣಗಿದೆ. ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಇದನ್ನು ಆಫೀಸಿನವರು ಬರ್ದದ್ದು ಅಂತ ಓದ್ಬೇಡ. ನಿನ್ನ ಪಕ್ಕ ನಿಂತವನ ಅಮ್ಮ ಬರ್ದದ್ದು ಅಂತ ಓದು."

ಆ ಮಾತು ನನ್ನ ತಲೆಗೆ ಹತ್ತಲು ಒಂದು ಅವಮಾನ ಬೇಕಾಯಿತು. ನನ್ನ ಎರಡನೆಯ ಸ್ಪರ್ಧೆ. ಮೊದಲ ಮೂರು ಸುತ್ತುಗಳಲ್ಲಿ ಚೆನ್ನಾಗಿ ಹೊಡೆದು ಬೀಗುತ್ತಿದ್ದೆ. ನಮ್ಮಲ್ಲಿ ಪಿಸ್ತೂಲನ್ನು ಚೀಲದಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಬೇರೆಯಾಗಿ ಒಂದು ಮೇಜು ಇರುತ್ತದೆ. ಅಲ್ಲಿ ಖಾಲಿ ಪಿಸ್ತೂಲು ಮುಟ್ಟಬಹುದು, ಗುಂಡು ಮುಟ್ಟುವಂತಿಲ್ಲ. ಬೇರೆ ಕಡೆ ಗುಂಡು ಮುಟ್ಟಬಹುದು, ಆಫೀಸರ್ ಹೇಳದೆ ಪಿಸ್ತೂಲು ಮುಟ್ಟುವಂತಿಲ್ಲ. ಇವೆರಡೂ ಒಂದು ಕಡೆ ಸೇರಬಾರದು ಎಂಬುದೇ ಇದರ ಜೀವ. ನಾನು ಆ ಮೇಜಿನ ಮುಂದೆ ನಿಂತು ಯಾವುದೋ ಗುಂಗಿನಲ್ಲಿ, ತುಂಬಿದ ಮ್ಯಾಗಜೀನ್ ಸರಿಯಿದೆಯೇ ಎಂದು ಬೆಲ್ಟಿನಿಂದ ಹೊರಗೆ ತೆಗೆದೆ. ಅಂದು ಆಫೀಸರ್ ಆಗಿದ್ದ ಆಂಟಿಯ ಸ್ವರ ಹಿಂದಿನಿಂದ ಬಂತು. "ಸ್ಟಾಪ್."

ನನಗೆ ತಲೆ ಕೆಟ್ಟಿತು. "ಒಂದು ಗುಂಡೂ ಹಾರಿಲ್ರಿ ಆಂಟಿ. ಪಿಸ್ತೂಲ್ ಖಾಲಿ ಐತಿ, ನೀವ ನೋಡ್ರಿ. ಇದ್ಯಾವ ನ್ಯಾಯ?" ಎಂದೆ.

"ಖಾಲಿ ಉಂಟು ಅಂತ ನಿನಗೆ ಗೊತ್ತುಂಟು, ನನಗೂ ಗೊತ್ತುಂಟು. ಆಚೆ ನಿಂತವನಿಗೆ ಗೊತ್ತಿಲ್ಲ. ಮ್ಯಾಗಜೀನ್ ನನ್ನ ಕೈಗೆ ಕೊಡು. ಪಿಸ್ತೂಲು ಚೀಲಕ್ಕೆ ಹಾಕು," ಎಂದರು.

ತಾವೇ ಆರು ತಿಂಗಳು ತಿದ್ದಿದ ಶಿಷ್ಯ ಎಂಬ ಗುರುತೇ ಆ ಮುಖದಲ್ಲಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಎದ್ದುಹೋಗೋಣವೆಂದರೆ ಬಂದದ್ದು ಅವರದೇ ಕಾರಿನಲ್ಲಿ. ಸ್ಪರ್ಧೆಯಿಂದ ಹೊರಬಿದ್ದವನು ಸಂಜೆಯವರೆಗೆ ಮುಖ ಊದಿಸಿಕೊಂಡು ಬೇರೆಯವರ ತೂತುಗಳಿಗೆ ಪಟ್ಟಿ ಅಂಟಿಸಿದೆ. ವಾಪಸು ಬರುವಾಗ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ನನ್ನನ್ನು ಕೇಳದೆಯೇ ಪರೋಟದಂಥ ಎರಡು ರೊಟಿ ಚನಾಯ್, ಎರಡು ಚಹಾ ತರಿಸಿದರು. ಆ ವಿಷಯ ಎತ್ತಲೇ ಇಲ್ಲ. ತಿಂದು ಮುಗಿದ ಮೇಲೆ, ಮುಂದಿನ ಶನಿವಾರ ಏಳಕ್ಕೆ ರೆಡಿ ಇರು ಎಂದರು. ನಾನಿನ್ನೂ ಅವರ ಶಿಷ್ಯನೇ ಎಂಬುದು ಆ ಒಂದು ಮಾತಿನಿಂದ ಗೊತ್ತಾಯಿತು.

ನಾಲ್ಕು ವರ್ಷ ಹೀಗೇ ನಡೆಯಿತು. ನಾನು ದೊಡ್ಡ ಶೂಟರ್ ಏನೂ ಆಗಲಿಲ್ಲ, ಪಟ್ಟಿಯ ನಡುವಿನಿಂದ ಸ್ವಲ್ಪ ಮೇಲಕ್ಕೆ ಬಂದೆ ಅಷ್ಟೇ. ಆದರೆ ಅವರ ಒತ್ತಾಯಕ್ಕೆ ಪರೀಕ್ಷೆ ಬರೆದು ರೇಂಜ್ ಆಫೀಸರ್ ಆದೆ. ಇಷ್ಟರಲ್ಲಿ ಅವರ ಮಣಿಕಟ್ಟುಗಳಿಗೆ ಸಂಧಿವಾತ ಹಿಡಿದಿತ್ತು. ಬೆಳಗ್ಗೆ ಎದ್ದರೆ ಬಾಟಲಿಯ ಮುಚ್ಚಳ ತೆಗೆಯಲು ಆಗದು. ಈ ಸಲದ್ದೇ ತಮ್ಮ ಕೊನೆಯ ಸ್ಪರ್ಧೆ ಎಂದು ನನಗೊಬ್ಬನಿಗೇ ಹೇಳಿದರು. ಇಪ್ಪತ್ತು ವರ್ಷಗಳಲ್ಲಿ ಅವರನ್ನು ಯಾರೂ ಒಂದು ಸಲವೂ ಹೊರಗೆ ಹಾಕಿರಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಅಂಥವರು ಬೇರೆ ಯಾರೂ ಇರಲಿಲ್ಲ. "ಕಪ್ ಗಿಪ್ ಎಂತದೂ ಬೇಡ. ಎಲ್ಲ ಸುತ್ತು ಮುಗ್ಸಿ, ಹಾಗೇ ಚೊಕ್ಕವಾಗಿ ಮನೆಗೆ ಹೋಗ್ಬೇಕು," ಎಂದರು. ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೊನೆಯ ಸುತ್ತಿಗೆ ಟೈಮರ್ ಹಿಡಿದು ನಿಂತ ಆಫೀಸರ್ ನಾನು. ಅವರ ಸರದಿಗೆ ಬೇರೆ ಯಾರಾದರೂ ನಿಲ್ಲಲಿಯೇ ಎಂದು ಮೆಲ್ಲಗೆ ಅವರನ್ನೇ ಕೇಳಿದೆ. ಏಕೆ, ನಿನಗೆ ಕಲಿಸಿದ್ದು ಸಾಕಾಗಲಿಲ್ಲವೇ ಎಂದು ಹ್ಯಾಟಿನ ಗಂಟು ಬಿಗಿದುಕೊಂಡರು.

ಬೀಪ್ ಆಯಿತು. ನಾನು ಅವರ ಬೆನ್ನಿಗೇ ಓಡಿದೆ. ಮೊದಲ ಕಿಟಕಿ, ಎರಡನೆಯ ಕಿಟಕಿ, ಮೊದಲಿನ ಅದೇ ಸೊಗಸು. ಆಮೇಲೆ ಪರದೆಯ ಹಿಂದೆ ಎಡಕ್ಕೆ ಐದಾರು ಹೆಜ್ಜೆ ಓಡಿ ಕೊನೆಯ ಗುರಿಗಳಿಗೆ ಹೊಡೆಯಬೇಕು. ಓಡುತ್ತಲೇ ಅವರು ಮ್ಯಾಗಜೀನ್ ಬದಲಿಸಲು ಕೈ ಹಾಕಿದರು. ನೋಯುವ ಮಣಿಕಟ್ಟು ಅವರ ಮಾತು ಕೇಳಲಿಲ್ಲ. ಕೈ ಒಳಕ್ಕೆ ಕುಸಿಯಿತು, ಮೂತಿ ಗೆರೆ ದಾಟಿ ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅಂಕ ಬರೆಯುವ ಜೊತೆಗಾರ ಪರದೆಯ ಆಚೆಗಿದ್ದ. ನೋಡುವವರಿಗೆ ಅವರ ಬೆನ್ನು ಅಡ್ಡವಾಗಿತ್ತು. ಕಂಡದ್ದು ನನಗೊಬ್ಬನಿಗೇ.

ನಾನು ಆಗಲೇ ತಡೆಯಬೇಕಿತ್ತು. ಇನ್ನು ನಾಲ್ಕು ಗುಂಡು ಹೊಡೆದರೆ ಅವರು ಬಯಸಿದ್ದು ಅವರಿಗೆ ಸಿಗುತ್ತಿತ್ತು. ಹೊಡೆಯಲಿ, ಹೋಗಲಿ, ಯಾರಿಗೆ ಏನಾಯಿತು ಎಂದು ನನ್ನೊಳಗೆ ಯಾರೋ ಅಂಗಲಾಚುತ್ತಿದ್ದರು. ಅವರು ಕೊನೆಯ ಜಾಗಕ್ಕೆ ಬಂದು ನಿಂತರು. ಪಿಸ್ತೂಲು ಎತ್ತಿದರು. ಆದರೆ ಹೊಡೆಯಲಿಲ್ಲ.

"ಸ್ಟಾಪ್," ಎಂದೆ.

ಅವರು ಮೂತಿ ಮುಂದಕ್ಕಿಟ್ಟುಕೊಂಡೇ ಕಲ್ಲಿನಂತೆ ನಿಂತರು. ಪಿಸ್ತೂಲು ಖಾಲಿ ಮಾಡಿ ತೋರಿಸಲು ಹೇಳಿದೆ. ಮ್ಯಾಗಜೀನ್ ತೆಗೆದರು. ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಲು ಬೆರಳುಗಳಿಗೆ ಶಕ್ತಿ ಸಾಲಲಿಲ್ಲ. ಎರಡು ಸಲ ಜಾರಿತು. ಸಹಾಯ ಮಾಡೋಣವೆಂದರೆ ಸ್ಪರ್ಧಿಯ ಪಿಸ್ತೂಲನ್ನು ನಾನು ಮುಟ್ಟುವಂತಿಲ್ಲ. ಮೂರನೆಯ ಸಲ ಎಳೆದು, ಒಳಗೆ ಏನೂ ಇಲ್ಲವೆಂದು ತೋರಿಸಿ, ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ಸ್ವರ ಸಣ್ಣದಾಯ್ತು. ಕಿವಿಗೆ ಮುಚ್ಚಳ ಹಾಕಿಕೊಂಡವನಿಗೆ ಕೇಳುದಿಲ್ಲ. ಇನ್ನೂ ಜೋರು ಹೇಳ್ಬೇಕು."

ಎಲ್ಲರ ಎದುರು ನನ್ನ ಕೈ ಕುಲುಕಿದರು. ಹ್ಯಾಟು ಸರಿಮಾಡಿಕೊಂಡು, ಪಟ್ಟಿಗಳ ಸುರುಳಿ ಎತ್ತಿಕೊಂಡು ಉಳಿದವರ ಗುರಿಗಳಿಗೆ ಅಂಟಿಸಲು ಹೋದರು. ಆ ಪುಟ್ಟ ಬೆನ್ನನ್ನು ನೋಡುತ್ತಾ ನಾನು ಮುಂದಿನ ಸ್ಪರ್ಧಿಯನ್ನು ಕರೆಯುವುದನ್ನೂ ಮರೆತು ನಿಂತಿದ್ದೆ.

ಅಂದು ಕಾರು ಓಡಿಸಿದವನು ನಾನು. ಅರ್ಧ ದಾರಿಯಲ್ಲಿ ತಡೆಯಲಾಗದೆ ಕ್ಷಮೆ ಕೇಳಿದೆ. ಕೊನೆಯ ಸ್ಪರ್ಧೆಯನ್ನು ಕಸಿದುಕೊಂಡೆ ಎಂದೆ. ಅವರು ಕಿಟಕಿಯ ಹೊರಗಿನ ತಾಳೆಮರಗಳನ್ನು ನೋಡುತ್ತಿದ್ದರು.

"ಗೆರೆ ದಾಟಿತು ಅಂತ ನನಗೆ ಆವಾಗ್ಲೇ ಗೊತ್ತಾಯ್ತು ಮಾರಾಯ. ನಿಂತು ಕಾಯ್ತಾ ಇದ್ದೆ, ನೀನು ಹೇಳ್ತೀಯಾ ಇಲ್ವಾ ಅಂತ. ಹೇಳದಿದ್ರೆ ನಾನೇ ಪಿಸ್ತೂಲು ಕೆಳಗೆ ಮಾಡ್ತಿದ್ದೆ. ಆದ್ರೆ ಆಮೇಲೆ ನಿನ್ನ ಕೈಗೆ ಟೈಮರ್ ಕೊಡ್ಲಿಕ್ಕೆ ನನಗೆ ಧೈರ್ಯ ಬರ್ತಿರ್ಲಿಲ್ಲ."

ಸ್ವಲ್ಪ ದೂರ ಹೋದ ಮೇಲೆ, ನಾನು ಹೇಳದೇ ಹೋಗುತ್ತೇನೇನೋ ಎಂದು ತಮಗೆ ಹೆದರಿಕೆಯಾಗಿತ್ತು ಎಂದೂ ಹೇಳಿದರು. ಅವರ ಬಾಯಿಂದ ಆ ಮಾತು ನಾನು ಎಂದೂ ಕೇಳಿರಲಿಲ್ಲ.

ಮರುವರ್ಷ ಅವರು ತೀರಿಕೊಂಡರು. ಚರ್ಚಿನಲ್ಲಿ ಅವರ ಮಗಳು ನನ್ನ ಹತ್ತಿರ ಬಂದಳು. ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಇಂಗ್ಲಿಷಿನಲ್ಲಿ. ಮಮ್ಮಿಯನ್ನು ಹೊರಗೆ ಹಾಕಿದವರು ನೀವೇ ಅಲ್ಲವೇ, ಆಸ್ಪತ್ರೆಗೆ ನೋಡಲು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು ಎಂದಳು. ಹೌದು, ಅವರ ಇಪ್ಪತ್ತು ವರ್ಷಗಳ ಹೆಸರಿಗೆ ಮೊದಲ ಕಪ್ಪು ಗುರುತು ಹಾಕಿದವನು ನಾನೇ. ಅದನ್ನು ಹಾಕುವಷ್ಟು ಗಟ್ಟಿಯಾಗಿ ನನ್ನನ್ನು ಬೆಳೆಸಿದವರು ಅವರು.