ಹಸಿರು ಬಾಲ

ಹೊಸನಗರದ ಇಲಿಗಳ ಗಾತ್ರ ಹೇಳಿದರೆ ತೀರ್ಥಹಳ್ಳಿಯವರು ನಂಬುವುದಿಲ್ಲ. ಸಾಗರದ ಬಸ್ಸಿನಲ್ಲಿ ಒಂದು ಇಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿತ್ತು. ಅದಕ್ಕೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಬಸ್ಸು ಬಟ್ಟೆಮಲ್ಲಪ್ಪ ಊರು ದಾಟುವವರೆಗೂ ಕಂಡಕ್ಟರ್ ತಲೆ ಕೆರೆದುಕೊಂಡ. ಇಂಥ ಸತ್ಯಗಳನ್ನು ಪೇಟೆಯಲ್ಲಿ ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು, ಪಾತ್ರೆ ಅಂಗಡಿಯ ಹೇಮಚಂದ್ರರ ಮುಂದೆ ಮಾತ್ರ ಆಗುತ್ತಿರಲಿಲ್ಲ. ಅವರಿಗೆ ಇಲಿ ನಗೆಯ ವಿಷಯವಲ್ಲ, ಜೀವದ ವಿಷಯ.

ತನ್ನ ಕೈಯಿಂದ ಒಂದು ಜೀವವೂ ಹೋಗಬಾರದು ಎಂಬುದು ಅವರ ವ್ರತ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿದು ಅಡುಗೆಮನೆ ಒರೆಸಿ ಬಾಗಿಲು ಹಾಕಿರುತ್ತದೆ. ಆದರೂ ಮಳೆಗಾಲ ಹಿಡಿದು ಗದ್ದೆಯ ಬಿಲಗಳಲ್ಲಿ ನೀರು ನಿಂತರೆ ಇಲಿಗಳಿಗೂ ಒಣ ಜಾಗ ಬೇಕಲ್ಲ, ಪೇಟೆಗೆ ಬರುತ್ತವೆ. ಉಳಿದವರು ಪಾಷಾಣ ಇಟ್ಟರು, ಅಂಟಿನ ರಟ್ಟು ಹಾಸಿದರು. ಹೇಮಚಂದ್ರರು ಬೋನಿಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿಟ್ಟರು. ಬೆಳಿಗ್ಗೆ ಒಳಗೆ ಸಿಕ್ಕಿಬಿದ್ದವನಿಗೆ ಹೆದರಿಕೆಯಾಗದಿರಲೆಂದು ಬೋನಿಗೆ ಬಟ್ಟೆ ಮುಚ್ಚಿ, ಸ್ಕೂಟರಿನಲ್ಲಿಟ್ಟುಕೊಂಡು, ಹಳ್ಳದ ಸೇತುವೆ ದಾಟಿ ಬಿಟ್ಟು ಬರುತ್ತಿದ್ದರು.

“ಮಗಳನ್ನ ಗಂಡನ ಮನೆಗೆ ಕಳ್ಸುವಾಗ್ಲೂ ಇಷ್ಟು ಉಪಚಾರ ಮಾಡಿರ್ಲಿಲ್ಲ ನೀವು” ಎಂದು ಹೆಂಡತಿ ಪದ್ಮಲತಾ ಗೇಟು ತೆಗೆಯುತ್ತಿದ್ದರು.

ಎದುರಿನ ಹೋಟೆಲಿನ ಗಜಾನನ ಇನ್ನೂ ಮುಂದೆ ಹೋದ. “ಹೇಮಣ್ಣ, ನೀವು ಸ್ಕೂಟರ್ ಸ್ಟ್ಯಾಂಡ್ ಹಾಕೋದ್ರೊಳಗೆ ಅದು ನಿಮ್ಮನೆ ಅಟ್ಟದಲ್ಲಿ ಕಾಲು ಚಾಚಿರ್ತದೆ.”

ಆ ಮಾತು ಚುಚ್ಚಿತು. ಮನೆಯ ಗೇಟಿಗೆ ಬಳಿದು ಉಳಿದಿದ್ದ ಹಸಿರು ಪೇಂಟು ಇತ್ತು. ಅಂದಿನಿಂದ ಬಿಡುವ ಮೊದಲು, ಬೋನಿನ ಸಂದಿಯಿಂದ ಹೊರಬಿದ್ದ ಬಾಲದ ತುದಿಗೆ ಬ್ರಷ್ಷಿನಿಂದ ಒಂದು ಗೀರು ಎಳೆಯತೊಡಗಿದರು. ಆಷಾಢ ಕಳೆಯಿತು, ಶ್ರಾವಣ ಬಂತು. ಹಸಿರು ಬಾಲದ ಒಂದು ಇಲಿಯೂ ಮನೆಗೆ ಮರಳಲಿಲ್ಲ. ಗಜಾನನನ ಹೋಟೆಲಿಗೇ ಹೋಗಿ ಕಾಫಿ ಕುಡಿದು ಇದನ್ನು ಹೇಳಿ ಬಂದರು. ಹುಂಚಕ್ಕೆ ಹೋದಾಗ ಬಸದಿಯ ಜಗಲಿಯಲ್ಲೂ ಹೇಳಿದರು.

ಸೇತುವೆಯ ಆಚೆ ಇದ್ದದ್ದು ಬೆಳ್ಳಪ್ಪನ ಗದ್ದೆ, ಗದ್ದೆಯ ತಲೆಯಲ್ಲಿ ಅವನ ಮನೆ. ಹಿಂದೆ ಆ ಜಮೀನು ಹೇಮಚಂದ್ರರ ತಂದೆಯದು, ಗೇಣಿಗೆ ಮಾಡುತ್ತಿದ್ದವನು ಬೆಳ್ಳಪ್ಪನ ಅಪ್ಪ. ಕಾನೂನು ಬಂದು ಉಳುವವನ ಹೆಸರಿಗಾಯಿತು. ಜಮೀನು ಹೋದರೂ ಬೆಳ್ಳಪ್ಪ, ಅವನ ಹೆಂಡತಿ ಯಮುನಮ್ಮ ‘ಒಡೇರು’ ಎನ್ನುವುದನ್ನು ಬಿಟ್ಟಿರಲಿಲ್ಲ. ಬಾಯಿಗೆ ಯಾವ ಕಾನೂನೂ ತಾಗುವುದಿಲ್ಲ.

ಒಂದು ಬೆಳಿಗ್ಗೆ ಬೆಳ್ಳಪ್ಪ ಅಂಗಡಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

“ಗಂಜಿ ಒಯ್ಯಕ್ಕೆ ಒಂದು ಡಬ್ಬಿ ಬೇಕಿತ್ತು ಒಡೇರೆ. ಮುಚ್ಚಳ ಬಿಗಿ ಇರೋದು.”

“ಯಾರಿಗೆ?”

“ಯಮುನಾನ ಸಾಗರದ ಆಸ್ಪತ್ರೆಗೆ ಸೇರ್ಸಿದೀವಿ. ಇಲಿ ಜ್ವರ ಅಂದ್ರು. ಕಣ್ಣೆಲ್ಲ ಅರಿಶಿನ. ನಿನ್ನೆಯಿಂದ ಮೂತ್ರ ಕಟ್ಟಿದೆ.”

ಹೇಮಚಂದ್ರರು ಡಬ್ಬಿಯ ಮುಚ್ಚಳ ತಿರುಗಿಸಿ ನೋಡುತ್ತಿದ್ದರು. ಬೆಳ್ಳಪ್ಪ ಮುಂದುವರಿಸಿದ. “ಮನೆ ತುಂಬ ಅವೇ. ದನಕ್ಕಿಡೋ ಅಕ್ಕಚ್ಚಿನ ಬಾನಿಲಿ ಒಂದು ಸತ್ತು ಬಿದ್ದಿತ್ತು, ಬಾಲ ಹಸ್ರು. ಒಡೇರ ಗೇಟಿನ ಬಣ್ಣ ಅಂತ ಅವಳು ನಗಾಡಿದ್ಲು.”

ಮುಚ್ಚಳ ಅಲ್ಲೇ ನಿಂತಿತು.

“ನಿಂಗೆ ಗೊತ್ತಿತ್ತಾ?”

“ಸೇತುವೆ ಹತ್ರ ಸ್ಕೂಟರ್ ನಿಲ್ಲೋದು ನಮ್ಮ ಜಗಲಿಗೆ ಕಾಣ್ತದೆ ಒಡೇರೆ.”

“ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ?”

“ಹೇಳ್ತೀನಿ ಅಂದೆ. ಅವರ ಧರ್ಮಕ್ಕೆ ನಾವ್ಯಾಕೆ ಅಡ್ಡ ಬರಾದು ಅಂದ್ಲು.”

ಮಾರನೇ ದಿನ ಹೇಮಚಂದ್ರರು, ಪದ್ಮಲತಾ ಇಬ್ಬರೂ ಸಾಗರಕ್ಕೆ ಹೋದರು. ಯಮುನಮ್ಮ ಕಣ್ಣು ತೆರೆಯಲಿಲ್ಲ. ಗದ್ದೆಯ ಕೆಸರಲ್ಲೆಲ್ಲ ಇದು ಇರುತ್ತದೆ, ಕಾಲು ಒಡೆದಿದೆ, ಯಾವ ಇಲಿಯದೆಂದು ಯಾರು ಹೇಳುತ್ತಾರೆ ಎಂದರು ಡಾಕ್ಟರು. ಆನೆ ನುಸುಳಿ ಹೋಗುವಷ್ಟು ದೊಡ್ಡ ಬಾಗಿಲನ್ನು ಅವರು ತೆರೆದುಕೊಟ್ಟಿದ್ದರು. ಹೇಮಚಂದ್ರರು ಅದರೊಳಗೆ ಕಾಲಿಡಲಿಲ್ಲ.

“ಡಾಕ್ಟ್ರೇ ಹೇಳಿದ್ರಲ್ಲ” ಎಂದರು ಪದ್ಮಲತಾ, ಬಸ್ಸಿನಲ್ಲಿ.

“ಡಾಕ್ಟ್ರು ಬಾಲ ನೋಡಿಲ್ಲ.”

ಅಂಗಡಿ ಮುಚ್ಚಿತು. ಮನೆಯ ತೂತು ತೂತನ್ನೂ ಮೊದಲೇ ಮುಚ್ಚಿದ್ದರೆ ಬೋನೇ ಬೇಕಿರಲಿಲ್ಲ ಎಂಬುದು ಈಗ ಹೊಳೆದು, ಆ ಕೆಲಸವನ್ನು ತಮ್ಮ ಮನೆಯಲ್ಲಲ್ಲ, ಬೆಳ್ಳಪ್ಪನ ಮನೆಯಲ್ಲಿ ಶುರುಮಾಡಿದರು. ಬಿಲಗಳಿಗೆ ಗಾಜಿನ ಚೂರು ತುರುಕಿ ಮೇಲೆ ಸಿಮೆಂಟು ಮೆತ್ತಿದರು. ಭತ್ತ ತುಂಬುವ ಪಣತದ ಕಂಬಗಳಿಗೆ, ಇಲಿ ಹತ್ತದ ಹಾಗೆ, ಕೊಡೆಯಂತೆ ತಗಡು ಕಟ್ಟಿದರು. ಭತ್ತದ ಚೀಲಗಳನ್ನು ಅಂಗಡಿಯ ಡ್ರಮ್ಮುಗಳಿಗೆ ಸುರಿದರು. ಅಕ್ಕಿ ಕಾಳು ಬಿದ್ದರೂ ಹೆಕ್ಕಿದರು. ತಗಡು ಬಡಿಯುವ ಸದ್ದಿಗೆ ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳು ಮೊಟ್ಟೆ ಬಿಟ್ಟೆದ್ದವೆಂದು ಗಜಾನನ ಹೇಳಿದ, ಆದರೆ ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಕೊನೆಯ ತೂತಿನ ಮುಂದೆ ಬೆಳ್ಳಪ್ಪ ಬಂದು ಕುಕ್ಕರುಗಾಲಲ್ಲಿ ಕೂತ.

“ಇದನ್ನ ಮುಚ್ಚಿದ್ರೆ ಒಳಗಿರೋವು ಎಲ್ಲಿಗೆ ಹೋಗ್ತಾವೆ?”

ಹೇಮಚಂದ್ರರು ತಮ್ಮ ಬೋನನ್ನೇ ತಂದಿಟ್ಟರು. ಮರುದಿನ ಬೆಳಿಗ್ಗೆ ಒಳಗೆ ಒಂದಿತ್ತು, ಬಾಲದ ತುದಿಯಲ್ಲಿ ಹಸಿರು ಮಾಸಿತ್ತು. ಅಭ್ಯಾಸಬಲದಿಂದ ಬಟ್ಟೆ ಮುಚ್ಚಿ ಸ್ಕೂಟರಿನ ಹತ್ತಿರ ಹೋದರು. ಕಿಕ್ ಹೊಡೆಯಲು ಕಾಲೆತ್ತಿದವರು ಹಾಗೇ ನಿಂತರು. ಹಳ್ಳದ ಕೆಳಗೆ ಗುತ್ಯಪ್ಪನ ಮನೆ. ಗುಡ್ಡ ಹತ್ತಿದರೆ ಕೂಲಿಯವರ ಬಿಡಾರ. ಇನ್ನೂ ಮುಂದೆ ಶಾಲೆ. ಸಿಗಂದೂರಿನ ಹಿನ್ನೀರಿನವರೆಗೆ ಹೋದರೂ ಆ ಕಡೆಯ ದಡದಲ್ಲಿ ಯಾರದೋ ಒಲೆ ಉರಿಯುತ್ತಿರುತ್ತದೆ.

ವಾಪಸು ಬಂದು ಬೋನನ್ನು ಬೆಳ್ಳಪ್ಪನ ಕೈಗೆ ಕೊಟ್ಟರು.

“ಒಳಗೆ ಹೋಗಿ ಒಡೇರೆ, ನಾನು ನೋಡ್ಕಳ್ತೀನಿ.”

“ನಾನು ಇಲ್ಲೇ ಇರ್ತೀನಿ.”

ಬೆಳ್ಳಪ್ಪ ಕೊಟ್ಟಿಗೆಯ ಹಿಂದಿನ ನೀರಿನ ತೊಟ್ಟಿಗೆ ಹೋದ. ಹೇಮಚಂದ್ರರು ಹಿಂದೆಯೇ ಹೋಗಿ ನಿಂತರು. ಬೋನು ನೀರಲ್ಲಿ ಮುಳುಗುವಾಗಲೂ ಮುಖ ತಿರುಗಿಸಲಿಲ್ಲ. ಅಂದು ಹೊತ್ತು ಮುಳುಗುವ ಮೊದಲೂ ಊಟ ಮಾಡಲಿಲ್ಲ.

ಯಮುನಮ್ಮ ಉಳಿದಳು. ಭಾದ್ರಪದದಲ್ಲಿ ಮನೆಗೆ ಬಂದಾಗ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ದಶಲಕ್ಷಣ ಪರ್ವ ಮುಗಿದ ದಿನ ಜೈನರು ಸಕಲ ಜೀವಗಳಲ್ಲಿ ಕ್ಷಮೆ ಕೇಳುತ್ತಾರೆ. ಹೇಮಚಂದ್ರರು ಪ್ರತಿವರ್ಷ ಬಸದಿಯಲ್ಲಿ ಕಣ್ಣುಮುಚ್ಚಿ ಇಲಿ, ಇರುವೆಗಳನ್ನೂ ನೆನೆದು ಕೇಳಿದವರು. ಈ ಸಲ ಬಸದಿಗಿಂತ ಮೊದಲು ಸೇತುವೆ ದಾಟಿದರು.

ಜಗಲಿಯಲ್ಲಿ ಕೂತಿದ್ದ ಯಮುನಮ್ಮನ ಎದುರು ಕೈಮುಗಿದರು. “ಕ್ಷಮಿಸ್ಬೇಕು.”

ಅವಳು ಸೇತುವೆಯ ಕಡೆ ನೋಡಿದಳು. ಏನೂ ಇಲ್ಲ ಬಿಡಿ ಎನ್ನಲಿಲ್ಲ.

“ಬಚ್ಚಲ ಮೋರಿಗೆ ಜಾಲರಿ ಹಾಕಿಲ್ಲ ನೀವು” ಎಂದಳು. “ನಿನ್ನೆ ಒಂದು ತಲೆ ಹಾಕಿ ನೋಡ್ತು.”

ಹೇಮಚಂದ್ರರು ಹಬ್ಬದ ಪಂಚೆಯನ್ನು ಮೇಲಕ್ಕೆ ಕಟ್ಟಿ, ಇಕ್ಕಳ ಎಲ್ಲಿದೆ ಎಂದು ಬೆಳ್ಳಪ್ಪನನ್ನು ಕೇಳಿದರು.